ಬಾತುಗಳ ದನಿ ಹಿಡಿಯಲು ಏನು ಒಯ್ಯಬೇಕು? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೊರಟವರಿಗೆ

ನವೆಂಬರ್ ಬಂತೆಂದರೆ ನನಗೆ ಒಂದೇ ತರಹದ ಪ್ರಶ್ನೆ ಬರಲು ಶುರುವಾಗುತ್ತದೆ. "ಸರ, ಮಾಗಡಿ ಕೆರಿಗೆ ಹೊಂಟೇವ್ರಿ. ಹಕ್ಕಿ ದನಿ ರೆಕಾರ್ಡ್ ಮಾಡ್ಬೇಕು. ಮೊಬೈಲ್ ಸಾಕೇನ್ರಿ, ಇಲ್ಲಾ ಮೈಕ್ ತಗೋಬೇಕೋ?"

ಈ ಸಲ ಮೂವರು ಕೇಳಿದ್ದಾರೆ. ಒಬ್ಬಳು ಧಾರವಾಡದಲ್ಲಿ ಎಂ.ಎಸ್ಸಿ ಓದುತ್ತಿರುವ ಹುಡುಗಿ, ಕೈಯಲ್ಲಿ ಮೂರು ಸಾವಿರ ಇದೆ. ಇನ್ನೊಬ್ಬರು ಹಾವೇರಿ ಕಡೆಯ ಹಳ್ಳಿ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಕ್ಲಾಸಿನಲ್ಲಿ ಕೇಳಿಸಬೇಕು ಅನ್ನುವುದು ಅವರ ಆಸೆ. ಮೂರನೆಯವರು ಗದಗಿನ ಫೋಟೋಗ್ರಾಫರ್. ಒಳ್ಳೆಯ ಕ್ಯಾಮೆರಾ ಇದೆ, ಮೂವತ್ತು ಸಾವಿರದವರೆಗೆ ಹಾಕಲು ತಯಾರಿದ್ದಾರೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ದುಡ್ಡು ಹಾಳು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಗಾಳಿ

ಅಂಗಡಿಯಲ್ಲಿ ಮೈಕಿನ ಬಗ್ಗೆ ಏನೇನೋ ಹೇಳುತ್ತಾರೆ. ಗಾಳಿಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಗದಗ ಜಿಲ್ಲೆಯಲ್ಲಿ ಅದೇ ಮೊದಲ ಪ್ರಶ್ನೆ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿವೆ ಅಲ್ವಾ, ಅವನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ. ಮಾಗಡಿ ಕೆರೆಯ ಸುತ್ತ ಬಯಲು, ಎರೆಹೊಲ. ಗಾಳಿಗೆ ಅಡ್ಡ ಬರುವುದು ಏನೂ ಇಲ್ಲ. ಏರಿಯ ಮೇಲೆ ನಿಂತು ಬರಿ ಮೈಕ್ ಹಿಡಿದರೆ ರೆಕಾರ್ಡಿಂಗ್ ತುಂಬಾ "ಭೊರ್‌ರ್" ಅನ್ನುವ ಸದ್ದೇ ತುಂಬಿಕೊಳ್ಳುತ್ತದೆ.

ಗಾಳಿಯ ಸದ್ದು ಕೆಳದನಿಯದು, ಅಂದರೆ ಗುಡುಗಿನ ಹಾಗೆ ದಪ್ಪ ದನಿ. ಹೆಬ್ಬಾತಿನ ಕೂಗೂ ಕೆಳದನಿಯ ಕಡೆಯದೇ. ಎರಡೂ ಹತ್ತಿರ ಹತ್ತಿರ ಕೂತಿರುವುದರಿಂದ ಆಮೇಲೆ ಕಂಪ್ಯೂಟರಿನಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳುವುದು ಕಷ್ಟ. ಹಾಗಾಗಿ ಯಾವ ಉಪಕರಣ ನೋಡಿದರೂ ಮೊದಲು ಕೇಳಬೇಕಾದದ್ದು ಇದು: ಇದಕ್ಕೆ ತುಪ್ಪಳದ ಕವರ್ ಸಿಗುತ್ತದೆಯಾ? ಜೊತೆಗೆ ಬರುವ ಸ್ಪಂಜಿನ ಟೊಪ್ಪಿಗೆ ಫ್ಯಾನಿನ ಗಾಳಿಗೆ ಸಾಕು, ಕೆರೆ ಏರಿಗೆ ಸಾಕಾಗುವುದಿಲ್ಲ. ಉದ್ದ ಕೂದಲಿನ ತುಪ್ಪಳ ಬೇಕು. ಮೈಕಿಗೆ ಎಂಟು ಸಾವಿರ ಕೊಟ್ಟು ಕವರಿಗೆ ಎಂಟುನೂರು ಕೊಡಲು ಹಿಂದೆಮುಂದೆ ನೋಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಯಾವ ಹಕ್ಕಿಯ ದನಿ ಬೇಕು?

"ಬಾತುಕೋಳಿ ದನಿ" ಅಂತ ಒಂದೇ ದನಿ ಇಲ್ಲ. ಇದನ್ನು ತಿಳಿಯದೆ ಮೈಕ್ ಆರಿಸಲು ಬರುವುದಿಲ್ಲ. ನಮ್ಮ ಕಡೆ ಕೇಳುವ ನಾಲ್ಕೈದು ದನಿ ಹೇಳುತ್ತೇನೆ.

ಪಟ್ಟೆತಲೆ ಹೆಬ್ಬಾತು. ಮಾಗಡಿಗೆ ಹೆಸರು ತಂದದ್ದೇ ಇದು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಚಳಿಗೆ ಹಿಮಾಲಯ ದಾಟಿ ಬರುವ ಹಕ್ಕಿ. ಏಳು ಸಾವಿರ ಮೀಟರ್‌ಗೂ ಮೇಲೆ ಹಾರಿದ್ದನ್ನು ಉಪಗ್ರಹದ ಟ್ಯಾಗ್ ಕಟ್ಟಿ ಅಳೆದಿದ್ದಾರೆ. ಇದರ ಕೂಗು ಮೂಗಿನಿಂದ ಬಂದ ಹಾಗೆ: "ಆಂಗ್... ಆಂಗ್..." ಒಂಟಿ ಹಕ್ಕಿ ಕೂಗುವುದು ಕಡಿಮೆ. ಹಿಂಡು ಹಾರುವಾಗ ಒಂದರ ಕೂಗಿಗೆ ಇನ್ನೊಂದು ಓಗೊಡುತ್ತದೆ. ಅದರಿಂದಲೇ ಜೋಡಿ, ಮರಿಗಳು ಗುಂಪಿನಲ್ಲಿ ತಪ್ಪಿಸಿಕೊಳ್ಳದೆ ಇರುತ್ತವೆ. ದೊಡ್ಡ ದನಿ, ಕೆಳದನಿ, ಬಹಳ ದೂರ ಬರುತ್ತದೆ.

ಜಕ್ಕವಕ್ಕಿ, ಅಂದರೆ ಚಕ್ರವಾಕ. ಹಳೆಗನ್ನಡ ಕಾವ್ಯದಲ್ಲಿ ರಾತ್ರಿಯಿಡೀ ಅಗಲಿ ಒಂದನ್ನೊಂದು ಕರೆಯುವ ಜೋಡಿ ಇದೇ. ಇದರದ್ದೂ ಮೂಗಿನ ದನಿ. ಆದರೆ ಹೆಬ್ಬಾತಿಗಿಂತ ತೆರೆದ ದನಿ, ಯಾರೋ ಕೊಂಬು ಊದಿದ ಹಾಗೆ. ಹೆಬ್ಬಾತಿನ ಹಿಂಡಿನ ಸದ್ದು ಸಂತೆಯ ಗದ್ದಲ ಅನ್ನಿಸಿದರೆ, ಇದು ಇಬ್ಬರ ಮಾತು ಅನ್ನಿಸುತ್ತದೆ.

ಸಿಳ್ಳೆ ಬಾತು. ಹೆಸರೇ ಹೇಳುತ್ತದೆ. ಎರಡು ಸ್ವರದ ತೆಳು ಸಿಳ್ಳೆ, ಹಾರುವಾಗ ಬಿಡದೆ ಹಾಕುತ್ತದೆ. ಅದರ ರೆಕ್ಕೆಯೂ ಬೇರೆಯೇ ಒಂದು ಸದ್ದು ಮಾಡುತ್ತದೆ. ರಾತ್ರಿ ಮೇಯುವ ಹಕ್ಕಿಯಾದ್ದರಿಂದ ಕತ್ತಲಲ್ಲೂ ಕೇಳುತ್ತದೆ. ಇದು ವಲಸೆಯದಲ್ಲ, ಇಲ್ಲಿಯದೇ.

ಚುಕ್ಕೆ ಕೊಕ್ಕಿನ ಬಾತು. ನಾವು "ಕ್ವಾಕ್ ಕ್ವಾಕ್" ಅನ್ನುತ್ತೇವಲ್ಲ, ಆ ದನಿ ಇದರದ್ದು, ಅದರಲ್ಲೂ ಹೆಣ್ಣಿನದ್ದು. ಗಂಡಿನ ದನಿ ತಗ್ಗು, ಒಡಕು. ಗಂಡು ಬಾತುಗಳಿಗೆ ಶ್ವಾಸನಾಳದ ಬುಡದಲ್ಲಿ ಒಂದು ಮೂಳೆಯ ಗುಳ್ಳೆ ಇರುತ್ತದೆ, ದನಿಯ ವ್ಯತ್ಯಾಸಕ್ಕೂ ಅದಕ್ಕೂ ಸಂಬಂಧ ಇದೆ. ಜೋರು ಮಾಡುವುದು ಗಂಡು ಎಂದು ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಬಾತಿನ ವಿಷಯದಲ್ಲಿ ಅದು ತಿರುವುಮುರುವು.

ಇನ್ನು ಸಲಿಕೆ ಕೊಕ್ಕಿನ ಬಾತು, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು. ಇವು ಚಳಿಗಾಲದಲ್ಲಿ ಮಾತು ಕಡಿಮೆ. ಬಿಳಿಹುಬ್ಬಿನ ಗಂಡು ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ "ಕರ್‌ರ್‌ರ್" ಅನ್ನುತ್ತದೆ. ಅದು ಸಿಕ್ಕರೆ ನಿಮ್ಮ ಪುಣ್ಯ.

ಸಿಳ್ಳೆ ಮೇಲುದನಿ, ಹೆಬ್ಬಾತು ಕೆಳದನಿ. ಇಷ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೂರ, ಮತ್ತೆ ಉದ್ದೇಶ

ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ 6 ಡೆಸಿಬಲ್ (ದನಿಯ ಜೋರನ್ನು ಅಳೆಯುವ ಮಾನ) ಕಡಿಮೆಯಾಗುತ್ತದೆ. ತಿರುಗಿಸಿ ನೋಡಿ: 200 ಮೀಟರ್ ದೂರದ ಹಿಂಡು ತಾನಾಗಿ 50 ಮೀಟರಿಗೆ ಬಂದರೆ ಪುಕ್ಕಟೆಯಾಗಿ 12 ಡೆಸಿಬಲ್ ಸಿಕ್ಕಿತು. ಯಾವ ಮೈಕಿನಿಂದಲೂ ಅಷ್ಟು ಸುಲಭವಾಗಿ ಅದು ಸಿಗುವುದಿಲ್ಲ. ಆದರೆ ನಾವು ಹಿಂಡಿನ ಹತ್ತಿರ ಹೋಗುವಂತಿಲ್ಲ. ಹೋದರೆ ಹಾರುತ್ತವೆ. ಹಿಮಾಲಯ ದಾಟಿ ಬಂದ ಹಕ್ಕಿಯನ್ನು ನಮ್ಮ ರೆಕಾರ್ಡಿಂಗಿಗಾಗಿ ಎಬ್ಬಿಸುವುದು ತಪ್ಪು. ಅವು ಬರುವ ದಾರಿಯಲ್ಲಿ ನಾವು ಮೊದಲೇ ಹೋಗಿ ಕೂತಿರಬೇಕು, ಅಷ್ಟೇ. ಈ ಕೂರುವ ಕೆಲಸ ಯಾವ ಉಪಕರಣದಿಂದ ಸುಲಭವಾಗುತ್ತದೆ ಅನ್ನುವುದೂ ಆಯ್ಕೆಯ ಒಂದು ಅಳತೆ.

ಉದ್ದೇಶವೂ ಮುಖ್ಯ. ಗುರುತು ಹಿಡಿಯಲು ಸಾಕಾ, ಅಧ್ಯಯನಕ್ಕೆ ಬೇಕಾ, ವಿಡಿಯೋಗೆ ಸೇರಿಸಬೇಕಾ? ಗುರುತಿಗೆ ಸಾಕೆಂದರೆ ಖರ್ಚೇ ಬೇಡ.

ಬರಿ ಮೊಬೈಲ್

ಮೊಬೈಲನ್ನು ಕೀಳಾಗಿ ನೋಡಬೇಡಿ. ತಲೆಯ ಮೇಲೆ ಹಾದುಹೋಗುವ ಹೆಬ್ಬಾತಿನ ಹಿಂಡನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಎರಡು ತೊಂದರೆ ಇವೆ. ಬಹಳ ಫೋನುಗಳ ರೆಕಾರ್ಡರ್ ಮನುಷ್ಯರ ಮಾತಿಗೆ ಮಾಡಿದ್ದು. ದನಿ ಸಣ್ಣದಾದರೆ ತಾನೇ ಏರಿಸುತ್ತದೆ, ಜೋರಾದರೆ ತಾನೇ ಇಳಿಸುತ್ತದೆ. ಹಿಂಡು ದೂರದಿಂದ ಹತ್ತಿರ ಬಂದು ಮತ್ತೆ ದೂರ ಹೋಗುವುದೇ ಅದರ ಸೊಗಸು, ಫೋನು ಅದನ್ನು ಸಪಾಟು ಮಾಡಿಬಿಡುತ್ತದೆ. ಎರಡನೆಯದು, ಫೈಲ್ ಸಣ್ಣದಾಗಲೆಂದು ದನಿಯ ಒಂದಷ್ಟು ವಿವರ ಬಿಟ್ಟು ಎಂಪಿ3 ಅಥವಾ ಅಂಥದೇ ರೂಪದಲ್ಲಿ ಇಡುತ್ತದೆ.

ಎರಡಕ್ಕೂ ದಾರಿ ಇದೆ. ಏನೂ ಬಿಡದೆ ಇಡುವ ವೇವ್ ಫೈಲ್ ಕೊಡುವ, ಲೆವೆಲ್ಲನ್ನು (ದನಿ ಎಷ್ಟು ಜೋರಾಗಿ ದಾಖಲಾಗಬೇಕು ಅನ್ನುವುದನ್ನು) ಕೈಯಿಂದ ಇಡಲು ಬಿಡುವ ಒಂದು ರೆಕಾರ್ಡರ್ ಆ್ಯಪ್ ಹಾಕಿಕೊಳ್ಳಿ. 48 ಕಿಲೋಹರ್ಟ್ಸ್, 16 ಬಿಟ್, ಮೊನೊ ಇಟ್ಟರೆ ನಿಮಿಷಕ್ಕೆ ಸುಮಾರು 6 ಎಂಬಿ ಹೋಗುತ್ತದೆ, ಅಷ್ಟೇನೂ ಭಾರವಲ್ಲ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಪುಕ್ಕಟೆ. ದನಿ ಕೇಳಿ ಹೆಸರು ಸೂಚಿಸುತ್ತದೆ, ರೆಕಾರ್ಡಿಂಗನ್ನೂ ಉಳಿಸುತ್ತದೆ. ಅದು ಹೇಳಿದ ಹೆಸರನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಕೆರೆಯಲ್ಲಿ ಹತ್ತು ದನಿ ಒಟ್ಟಿಗೆ ಬಿದ್ದಾಗ ಆ್ಯಪಿಗೂ ಗೊಂದಲವಾಗುತ್ತದೆ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಲು ಮರೆಯಬೇಡಿ. ಕೈಯಲ್ಲಿ ಹಿಡಿಯಬೇಡಿ, ಬೆರಳಿನ ಸದ್ದೂ ಬರುತ್ತದೆ. ಮಡಚಿದ ಟವೆಲಿನ ಮೇಲೆ, ಕಲ್ಲಿನ ಮರೆಗೆ ಇಡಿ.

ಮೊಬೈಲಿಗೆ ಹಚ್ಚುವ ಸಣ್ಣ ಮೈಕ್

ಇಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಅಂಗಡಿಯವರು "ಇದು ಬೆಸ್ಟ್ ಸರ್, ನಾಯ್ಸ್ ಎಲ್ಲಾ ತೆಗೀತದ" ಎಂದು ಅಂಗಿಗೆ ಸಿಗಿಸುವ ವೈರ್‌ಲೆಸ್ ಮೈಕ್ ಕೊಟ್ಟರು. ನಾಲ್ಕು ಸಾವಿರ ಕೊಟ್ಟೆ. ಮಾಗಡಿಯಲ್ಲಿ ಅವತ್ತು ಹಿಂಡಿನ ಮೇಲೆ ಹಿಂಡು ಬಂದವು. ಮನೆಗೆ ಬಂದು ಕೇಳಿದರೆ ಪಕ್ಕದಲ್ಲಿದ್ದ ಗೆಳೆಯ "ಏ, ನೋಡಲ್ಲೆ ನೋಡಲ್ಲೆ" ಎಂದು ಪಿಸುಗುಟ್ಟಿದ್ದು ಸ್ಪಷ್ಟವಾಗಿದೆ. ಹೆಬ್ಬಾತುಗಳು ನೀರಿನೊಳಗಿಂದ ಕೂಗಿದ ಹಾಗೆ ಎಲ್ಲೋ ಮುಳುಗಿಹೋಗಿವೆ. ಮೈಕಿನ ಪಾಲಿಗೆ ಮನುಷ್ಯರ ಮಾತಷ್ಟೇ ದನಿ, ಹೆಬ್ಬಾತಿನದ್ದು ಗದ್ದಲ. ಅದನ್ನೇ ಒರೆಸಿಹಾಕಿತ್ತು. ಅವತ್ತಿನ ಬೆಳಗು ಮತ್ತೆ ಸಿಗಲಿಲ್ಲ.

ಹಾಗಾಗಿ ಸಂದರ್ಶನಕ್ಕೆ, ರೀಲ್ಸಿಗೆ ಮಾಡಿದ ವೈರ್‌ಲೆಸ್ ಮೈಕ್ ಹಕ್ಕಿಗೆ ಬೇಡ. ಈಗಾಗಲೇ ಮನೆಯಲ್ಲಿದ್ದರೆ ಗದ್ದಲ ತೆಗೆಯುವ ಸ್ವಿಚ್ಚನ್ನು ಆಫ್ ಮಾಡಲು ಬರುತ್ತದಾ ನೋಡಿ, ಬಂದರೆ ಬಳಸಿ. ಫೋನಿಗೆ ಸಿಕ್ಕಿಸುವ ಸಣ್ಣ ಸ್ಟೀರಿಯೋ ಮೈಕ್, ತುಪ್ಪಳದ ಕವರ್ ಸಮೇತ ಸಿಕ್ಕರೆ, ಮೂರು ಸಾವಿರದ ಆಸುಪಾಸಿನಲ್ಲಿ ಪರವಾಗಿಲ್ಲ. ಆದರೆ ಫೋನಿಗಿಂತ ಬಹಳ ಮೇಲೇನೂ ಅಲ್ಲ. ಅದರಿಂದ ನಿಜವಾಗಿ ಸಿಗುವ ಲಾಭ ಆ ಕವರೇ.

ಕೈಯಲ್ಲಿ ಹಿಡಿಯುವ ರೆಕಾರ್ಡರ್

ನನ್ನ ಒಲವು ಇದರ ಕಡೆಗೆ. ಮುಚ್ಚಿಡುವುದಿಲ್ಲ.

ಜೂಮ್, ಟಾಸ್ಕಾಮ್ ಕಂಪನಿಗಳ ಸಣ್ಣ ರೆಕಾರ್ಡರುಗಳು ಸಾಮಾನ್ಯವಾಗಿ ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತವೆ. ತಲೆಯಲ್ಲೇ ಎರಡು ಮೈಕ್, ವೇವ್ ಫೈಲ್, ಲೆವೆಲ್ ನಮ್ಮ ಕೈಯಲ್ಲಿ, ಕೆಳಗೆ ಟ್ರೈಪಾಡ್ ಹಾಕಲು ತೂತು. ಹಿಂಡು ಎಡಗಿವಿಯಿಂದ ಬಲಗಿವಿಗೆ ಹಾದುಹೋಗುವುದು ಹೆಡ್‌ಫೋನಿನಲ್ಲಿ ಕೇಳಿದಾಗ ಕಣ್ಣು ಮುಚ್ಚಿದರೂ ಕಾಣುತ್ತದೆ. ಮೊನೊ ಮೈಕಿನಿಂದ ಇದು ಬರುವುದೇ ಇಲ್ಲ.

ಇದನ್ನು ಇಟ್ಟು ಬರಬಹುದು, ನನಗೆ ಅದೇ ದೊಡ್ಡ ಗುಣ. ನಸುಕಿನಲ್ಲಿ ಹೋಗಿ, ಮೋಟು ಟ್ರೈಪಾಡಿನ ಮೇಲೆ ಕೂರಿಸಿ, ಬಟನ್ ಒತ್ತಿ, ನೂರು ಹೆಜ್ಜೆ ಹಿಂದೆ ಬಂದು ಕೂರಿ. ಹಕ್ಕಿಗೆ ನಿಮ್ಮ ಭಯವಿಲ್ಲ, ರೆಕಾರ್ಡಿಂಗಿಗೆ ನಿಮ್ಮ ಉಸಿರಿನ ಸದ್ದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಅಂದರೆ ಗಂಟೆಗೆ ಸುಮಾರು ಒಂದು ಜಿಬಿ. 32 ಜಿಬಿ ಕಾರ್ಡ್ ಇಡೀ ಪ್ರವಾಸಕ್ಕೆ ಸಾಕು.

ಲೆವೆಲ್ ಇಡುವುದು ಸ್ವಲ್ಪ ಕಲಿಯಬೇಕು. ಜೋರು ಕೂಗು ಬಂದಾಗ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ಮುಟ್ಟಿ ಇಳಿದರೆ ಸರಿ. ಮೇಲೆ ಹೋಗಿ ಕೆಂಪಾದರೆ ದನಿ ಒಡೆಯುತ್ತದೆ, ಅದನ್ನು ಆಮೇಲೆ ಯಾರೂ ಸರಿಮಾಡಲು ಬರುವುದಿಲ್ಲ. ಸಣ್ಣ ದನಿ, ಜೋರು ದನಿ ಎರಡನ್ನೂ ಒಡೆಯದೆ ಹಿಡಿದಿಡುವ "32 ಬಿಟ್ ಫ್ಲೋಟ್" ಇರುವ ಮಾಡೆಲ್ ತೆಗೆದುಕೊಂಡರೆ ಈ ತಲೆನೋವು ಹೆಚ್ಚುಕಡಿಮೆ ಇಲ್ಲ. ಫೈಲ್ ಮಾತ್ರ ದೊಡ್ಡದಾಗುತ್ತದೆ. ಇಟ್ಟು ಬರುವವರಿಗೆ ಇದು ಒಳ್ಳೆಯದು, ಯಾಕೆಂದರೆ ಮೀಟರ್ ನೋಡಲು ನೀವು ಅಲ್ಲಿರುವುದಿಲ್ಲ.

ಕೊರತೆ? ಸುತ್ತಲಿನದನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಹೊಲದ ಪಂಪ್‌ಸೆಟ್, ಟ್ರ್ಯಾಕ್ಟರ್, ಊರ ಗುಡಿಯ ಮೈಕ್, ಎಲ್ಲ. ಕೆರೆಯ ನಡುವಿನ ಒಂದೇ ಜಕ್ಕವಕ್ಕಿ ಜೋಡಿಯ ದನಿ ಮಾತ್ರ ಬೇಕೆಂದರೆ ಇದರಿಂದ ಆಗುವುದಿಲ್ಲ.

ಶಾಟ್‌ಗನ್ ಮೈಕ್

ಆ ಒಂದೇ ಜೋಡಿ ಬೇಕೆಂದವರಿಗೆ ಇದು. ಉದ್ದ ಕೊಳವೆ, ಮುಂದಿನದನ್ನು ಹೆಚ್ಚು ಕೇಳುತ್ತದೆ, ಪಕ್ಕದ್ದನ್ನು ಕಡಿಮೆ. ಇದು ದೂರದ ದನಿಯನ್ನು ಎಳೆದು ತರುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಕ್ಯಾಮೆರಾದ ಜೂಮ್ ಲೆನ್ಸಿನ ಹಾಗಲ್ಲ ಇದು. ಪಕ್ಕದ ಗದ್ದಲ ಕಡಿಮೆ ಮಾಡುತ್ತದೆ, ಅಷ್ಟೇ.

ಅದೂ ಮೇಲುದನಿಗೆ. ಕೆಳದನಿಯ ಗದ್ದಲಕ್ಕೆ ಈ ಕೊಳವೆಯಿಂದ ಹೆಚ್ಚೇನೂ ಆಗುವುದಿಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ನಿಂತು ನೋಡಿ. ಪಕ್ಕದಲ್ಲೇ ಪಿ.ಬಿ. ರೋಡ್, ಚಿಗರಿ ಬಸ್ಸುಗಳು, ಲಾರಿಗಳು. ಮೈಕನ್ನು ನೀರಿನ ಕಡೆ ತಿರುಗಿಸಿದರೂ ಲಾರಿಯ ಗುಡುಗು ಬಂದೇ ಬರುತ್ತದೆ. ಸಿಳ್ಳೆ ಬಾತಿನ ಸಿಳ್ಳೆ ಅದರ ಮೇಲೆ ಎದ್ದು ಕೇಳುತ್ತದೆ, ಹೆಬ್ಬಾತಿನಂಥ ದನಿ ಅದರಲ್ಲೇ ಕರಗುತ್ತದೆ.

ಕ್ಯಾಮೆರಾದ ತಲೆಯ ಮೇಲೆ ಕೂರುವ ಸಣ್ಣ ಶಾಟ್‌ಗನ್ ಬೇರೆ, 48 ವೋಲ್ಟ್ ಪವರ್ ಕೇಳುವ ದೊಡ್ಡದು ಬೇರೆ. ದೊಡ್ಡದಕ್ಕೆ ಆ ಪವರ್ ಕೊಡುವ ರೆಕಾರ್ಡರೂ ಬೇಕು, ಕೇಬಲ್, ಗಾಳಿ ಕವರ್, ಹಿಡಿಕೆ ಎಲ್ಲ ಸೇರಿ ಮೂವತ್ತು ಸಾವಿರ ಸುಲಭವಾಗಿ ದಾಟುತ್ತದೆ. ದಿನವಿಡೀ ಹಿಡಿದು ನಿಲ್ಲುವ ಕೆಲಸ ಬೇರೆ. ವಿಡಿಯೋ ಮಾಡುವವರಿಗೆ ಇದು ಸರಿ, ಯಾಕೆಂದರೆ ಚಿತ್ರದಲ್ಲಿ ಕಂಡ ಹಕ್ಕಿಯದೇ ದನಿ ಬೇಕು.

ಪ್ಯಾರಾಬೊಲಿಕ್ ಡಿಶ್

ಬೋಗುಣಿಯ ನಡುವೆ ಮೈಕ್ ಇಟ್ಟದ್ದು. ಇದು ಮಾತ್ರ ದೂರದ ದನಿಯನ್ನು ನಿಜವಾಗಿಯೂ ಒಟ್ಟುಮಾಡಿ ಕೊಡುತ್ತದೆ. ಆದರೆ ದನಿಯ ಅಲೆ ಬೋಗುಣಿಗಿಂತ ಉದ್ದವಾದರೆ ಬೋಗುಣಿಗೆ ಅದು ಸಿಗುವುದಿಲ್ಲ. ಅರ್ಧ ಮೀಟರ್ ಅಗಲದ ಡಿಶ್ ಸುಮಾರು 700 ಹರ್ಟ್ಸಿಗಿಂತ (ಸೆಕೆಂಡಿಗೆ 700 ಕಂಪನಕ್ಕಿಂತ) ಮೇಲಿನ ದನಿಗೇ ಕೆಲಸಕ್ಕೆ ಬರುವುದು. ಸಿಳ್ಳೆ ಬಾತಿಗೆ ಬಹಳ ಚೆನ್ನ. ಹೆಬ್ಬಾತಿನ ಕೂಗು ಮಾತ್ರ ಕೆಳಗಿನ ತುಂಬು ಕಳೆದುಕೊಂಡು ತಗಡಿನ ದನಿಯಾಗುತ್ತದೆ. ಗಾಳಿಗೆ ಪಟದ ಹಾಗೆ ಎಳೆದಾಡುತ್ತದೆ ಕೂಡ. ಮಾಗಡಿಯ ಹೆಬ್ಬಾತಿಗಾಗಿಯೇ ತಗೊಳ್ಳುವುದಾದರೆ ನಾನು ಬೇಡ ಎನ್ನುತ್ತೇನೆ.

ಎಲ್ಲಿ, ಯಾವಾಗ

ಮೊದಲ ವರ್ಷ ನಾನು ಮಾಗಡಿಗೆ ಹೋದದ್ದು ಹನ್ನೊಂದು ಗಂಟೆಗೆ. ಹಕ್ಕಿಗಳೆಲ್ಲ ನೀರಿನ ಮೇಲೆ ಕುತ್ತಿಗೆ ಹೊರಳಿಸಿ ಮಲಗಿದ್ದವು. ಗಾಳಿ ಹೊಡೆಯುತ್ತಿತ್ತು. ಏರಿಯ ಮೇಲೆ ಕಂಬಳಿ ಹೊದ್ದು ಕುರಿ ಕಾಯುತ್ತಿದ್ದ ಅಜ್ಜ ನನ್ನ ಕೈಯಲ್ಲಿನ ಮೈಕ್ ನೋಡಿ ಕೇಳಿದರು, "ಏನ್ ಹಿಡೀತೀರಿ ಅದ್ರಾಗ?" ಹೇಳಿದೆ. "ಈಗ ಅವು ಯಾಕ ಒದರ್ತಾವ್ರೀ ತಮ್ಮಾ, ಉಂಡು ಮಲಗ್ಯಾವ. ನಸುಕಿನ್ಯಾಗ ಬರ್ರಿ. ಹೊಲದಿಂದ ಬರೋ ಮುಂದ ಕಿವಿ ತುಂಬ ಕೇಳ್ತೀರಿ."

ಅವರು ಹೇಳಿದ್ದು ಪೂರ್ತಿ ನಿಜ. ಹೆಬ್ಬಾತುಗಳು ಇರುಳಿನಲ್ಲಿ, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇದು, ಬೆಳಿಗ್ಗೆ ಕೆರೆಗೆ ವಾಪಸಾಗುತ್ತವೆ. ಸಂಜೆ ಮತ್ತೆ ಏಳುತ್ತವೆ. ಹಾರುವಾಗಲೇ ಕೂಗು ಜಾಸ್ತಿ. ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವುದರಿಂದ ದನಿ ಮೇಲೆ ಹೋಗದೆ ಬಾಗಿ ನೆಲದ ಮೇಲೇ ದೂರ ಬರುತ್ತದೆ. ಗಾಳಿಯ ಜೋರೂ ಆಗ ಕಡಿಮೆ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮುಂಚೆ. ಆರಕ್ಕೆ ಮೊದಲೇ ಕೂತಿರಿ. ಅಜ್ಜನಿಂದ ಕಲಿತ ಇನ್ನೊಂದು ಮಾತು: ಜಾಕೆಟ್ ಬೇಡ, ಕಂಬಳಿ ಹೊದೆಯಿರಿ. ನೈಲಾನ್ ಜಾಕೆಟ್ ಕೈ ಅಲುಗಿಸಿದರೆ ಸರಸರ ಅನ್ನುತ್ತದೆ, ಅದು ರೆಕಾರ್ಡಿಂಗಿನಲ್ಲಿ ಬರುತ್ತದೆ. ಕಂಬಳಿಗೆ ಸದ್ದಿಲ್ಲ.

ಮಾಗಡಿ ಈಗ ಸಂರಕ್ಷಿತ ಪ್ರದೇಶ, ಜಗತ್ತಿನ ಮುಖ್ಯ ಜೌಗು ನೆಲ, ಕೆರೆಗಳ ರಾಮ್ಸಾರ್ ಪಟ್ಟಿಗೂ ಸೇರಿದೆ ಎಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಅರಣ್ಯ ಇಲಾಖೆಯ ಸಿಬ್ಬಂದಿ ಎಲ್ಲಿ ನಿಲ್ಲಿ ಎನ್ನುತ್ತಾರೋ ಅಲ್ಲೇ ನಿಲ್ಲಿ, ರೆಕಾರ್ಡರ್ ಇಟ್ಟು ಬರುವುದಿದ್ದರೆ ಅವರನ್ನು ಕೇಳಿಯೇ ಇಡಿ. ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವ ಕೆಲಸ ಮಾತ್ರ ಬೇಡವೇ ಬೇಡ.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಧಾರವಾಡದವರಿಗೆ ಕೆಲಗೇರಿ ಕೆರೆ ಇದೆ, ಭಾನುವಾರ ನಸುಕಿನಲ್ಲಿ ರಸ್ತೆ ಸುಮ್ಮನಿರುತ್ತದೆ. ಚುಕ್ಕೆ ಕೊಕ್ಕಿನ ಬಾತಿನ ಮೇಲೆ ಕೈ ಪಳಗಿಸಿ, ಆಮೇಲೆ ಮಾಗಡಿಗೆ ಹೋಗಿ.

ಹಾಗಾದರೆ ಯಾರಿಗೆ ಯಾವುದು

ಧಾರವಾಡದ ತಂಗಿಗೆ: ಮೂರು ಸಾವಿರಕ್ಕೆ ಈಗ ಯಾವ ಮೈಕೂ ಕೊಳ್ಳಬೇಡಮ್ಮ. ಈ ಚಳಿಗಾಲ ಫೋನು, ವೇವ್ ಆ್ಯಪ್, ಒಂದು ಒಳ್ಳೆಯ ಹೆಡ್‌ಫೋನ್. ನಿನ್ನ ಕೆಲಸ ಕಿವಿ ಪಳಗಿಸುವುದು. ದುಡ್ಡು ಕೂಡಿಸಿಟ್ಟು ಮುಂದಿನ ವರ್ಷ ರೆಕಾರ್ಡರ್ ತಗೋ. ಅಧ್ಯಯನಕ್ಕೇ ಬೇಕೆಂದರೆ ನಿಮ್ಮ ವಿಭಾಗದಲ್ಲಿ ರೆಕಾರ್ಡರ್ ಇದೆಯಾ ಕೇಳಿ ನೋಡು.

ಗದಗಿನ ಫೋಟೋಗ್ರಾಫರ್ ಅವರಿಗೆ: ಮೂವತ್ತು ಸಾವಿರವನ್ನೂ ಶಾಟ್‌ಗನ್ ಮೇಲೆ ಸುರಿಯಬೇಡಿ. 32 ಬಿಟ್ ಫ್ಲೋಟ್ ರೆಕಾರ್ಡರ್ ಒಂದು, ಕ್ಯಾಮೆರಾ ಮೇಲಿನ ಸಣ್ಣ ಶಾಟ್‌ಗನ್ ಒಂದು, ಎರಡಕ್ಕೂ ತುಪ್ಪಳ. ರೆಕಾರ್ಡರ್ ಏರಿಯ ಮೇಲೆ ತನ್ನ ಪಾಡಿಗೆ ಹಿಂಡನ್ನು ಹಿಡಿಯುತ್ತಿರಲಿ, ನೀವು ಚಿತ್ರ ತೆಗೆಯಿರಿ. ಸಿಳ್ಳೆ ಬಾತಿನ ಹಿಂದೆಯೇ ಬೀಳುವ ಮನಸ್ಸಿದ್ದರೆ ಮಾತ್ರ ಡಿಶ್ ಯೋಚಿಸಿ.

ಮೇಷ್ಟ್ರೇ, ನಿಮಗೆ ರೆಕಾರ್ಡರ್ ಸಾಕು, ಹತ್ತು ಸಾವಿರ ಒಬ್ಬರಿಗೆ ಭಾರವಾದರೆ ಮೂರು ಶಾಲೆ ಸೇರಿ ಕೊಳ್ಳಿ. ಅದಕ್ಕಿಂತ ಒಂದು ಸ್ಪೀಕರಿಗೆ ಸ್ವಲ್ಪ ಹೆಚ್ಚು ಹಾಕಿ. ಫೋನಿನ ಸಣ್ಣ ಸ್ಪೀಕರಿನಲ್ಲಿ ಹೆಬ್ಬಾತಿನ ಕೆಳದನಿ ಸರಿಯಾಗಿ ಬರುವುದೇ ಇಲ್ಲ, ಮಕ್ಕಳಿಗೆ ಕೀರಲು ಸದ್ದು ಕೇಳುತ್ತದೆ. ಪ್ರತಿ ರೆಕಾರ್ಡಿಂಗಿನ ಕೊನೆಗೆ ನಿಮ್ಮ ದನಿಯಲ್ಲೇ ತಾರೀಖು, ಸಮಯ, ಕೆರೆಯ ಹೆಸರು, ಗಾಳಿ ಎಷ್ಟಿತ್ತು, ಏನು ಕಂಡಿತು ಹೇಳಿ ಮುಗಿಸಿ. ನನ್ನ ಹಳೆಯ ಫೈಲೊಂದು ಹೀಗೆ ಮುಗಿಯುತ್ತದೆ: "ಮುಂಜಾನೆ 6 ಗಂಟೆ 40 ನಿಮಿಷ, ಮಾಗಡಿ ಕೆರೆ, ಗಾಳಿ ಇಲ್ಲ, ಹೆಬ್ಬಾತು ಮೂವತ್ತರ ಮೇಲೆ, ಉತ್ತರದಿಂದ ಬಂದವು." ಅದರ ಹಿಂದೆಯೇ ಅಜ್ಜ ಕುರಿಗಳನ್ನು ಕರೆಯುವ ದನಿ ಇದೆ. ಅದನ್ನು ನಾನು ಕತ್ತರಿಸಿಲ್ಲ.